ಎರಡು ವೈರು, ಒಂದೇ ಕಂಬ: ಅಡಿಕೆ ಮಂಡಿಗೆ ಬ್ಯಾಕಪ್ ನೆಟ್ ಹಾಕಿದ ಕಥೆ

ಜುಲೈ ಮಧ್ಯ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಅಡಿಕೆ ಮಂಡಿಯಿಂದ ಫೋನು ಬಂತು. "ಎರಡೂ ಹೋಗಿದೆ ಮಾರಾಯ, ಬೇಗ ಬಾ."

ಒಂದು ಹೋಗಿದೆ ಅಂದಿದ್ದರೆ ನಾನು ಊಟ ಮುಗಿಸಿ ಹೋಗುತ್ತಿದ್ದೆ. ಎರಡೂ ಅಂದಾಗ ಎದ್ದೆ. ಯಾಕೆಂದರೆ ಆ ಎರಡನೇ ಕನೆಕ್ಷನ್ ಹಾಕಿಸಿದ್ದು ನಾನೇ. "ಒಂದು ಹೋದರೆ ಇನ್ನೊಂದು ಇರುತ್ತೆ ಸಾಹುಕಾರ್ರೇ, ತಲೆಬಿಸಿ ಬೇಡ" ಅಂತ ಹಿಂದಿನ ವರ್ಷ ಹೇಳಿ ದುಡ್ಡು ಕಟ್ಟಿಸಿದ್ದೆ.

ಮಂಡಿ ಎದುರು ಲಾರಿ ನಿಂತಿತ್ತು. ರಾಶಿ ಅಡಿಕೆ ತುಂಬಿ, ತಾಡಪಾಲು ಬಿಗಿದು, ಹಗ್ಗ ಕಟ್ಟಿ ಎಲ್ಲ ಮುಗಿದಿತ್ತು. ಡ್ರೈವರ್ ಮೆಟ್ಟಿಲ ಮೇಲೆ ಕೂತು ಮಳೆ ನೋಡುತ್ತಿದ್ದ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ. ಒಂದು ಲಾರಿ ಅಡಿಕೆ ಅಂದರೆ ಅದರ ಎಷ್ಟು ಪಟ್ಟು ಅಂತ ಲೆಕ್ಕ ಹಾಕಿಕೊಳ್ಳಿ. ಅದರ ಮೇಲೆ, ಬಿಲ್ಲನ್ನೇ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆಲ್ಲ 2023ರ ಆಗಸ್ಟ್ 1ರಿಂದ ಅದು ಕಡ್ಡಾಯ. ಪೋರ್ಟಲ್‌ನಿಂದ ನಂಬರ್ ಬರದೆ ಬಿಲ್ಲೇ ಆಗಲ್ಲ. ಲೆಕ್ಕ ಬರೆಯುವ ಅಕ್ಕ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದ್ದರು. ಅವರ ಟೇಬಲ್ ಸುತ್ತ ಆಳೆತ್ತರಕ್ಕೆ ಅಡಿಕೆ ಚೀಲ. ಅಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಕೊನೆಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಬಂದು, ಒಂದು ಕೈಯಲ್ಲಿ ಫೋನು ಮೇಲೆ ಹಿಡಿದು ನಿಂತಿದ್ದರು.

ಒಳಗೆ ಎರಡು ಮೋಡೆಮ್. ಎರಡರಲ್ಲೂ ಎಲ್‌ಒಎಸ್ ಅನ್ನೋ ಕೆಂಪು ದೀಪ ಮಿಣುಕುತ್ತಿತ್ತು. ಅಂದರೆ ಬೆಳಕೇ ಬರುತ್ತಿಲ್ಲ, ಬೆಳಕಿನ ಮೂಲಕ ನೆಟ್ ತರುವ ಫೈಬರ್ ವೈರು ಎಲ್ಲೋ ಕಡಿದಿದೆ.

ಕೊಡೆ ಹಿಡಿದು ವೈರಿನ ಜಾಡಿನಲ್ಲೇ ಹೊರಟೆ. ಕಟ್ಟಡದ ಮೂಲೆಯಿಂದ ಎರಡು ವೈರು ಹೊರಡುತ್ತವೆ. ಒಂದು ಕರಿ, ಒಂದು ಬಿಳಿ. ಎರಡೂ ಒಂದೇ ಕೆಇಬಿ ಕಂಬಕ್ಕೆ ಹೋಗುತ್ತವೆ. (ಮೆಸ್ಕಾಂ ಆಗಿ ಇಪ್ಪತ್ತು ವರ್ಷದ ಮೇಲಾಯ್ತು, ನಮ್ಮ ಬಾಯಲ್ಲಿ ಇನ್ನೂ ಕೆಇಬಿಯೇ.) ಆ ಕಂಬದಲ್ಲಿ ಎರಡನ್ನೂ ಸೇರಿಸಿ ಒಂದೇ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಕಟ್ಟಿದ್ದರು. ಅಲ್ಲಿಂದ ಮುಂದಿನ ಕಂಬ, ಅಲ್ಲಿಂದ ತಿರುವಿನ ಕಂಬ, ಅಲ್ಲಿರುವ ಒಂದೇ ಜಾಯಿಂಟ್ ಬಾಕ್ಸ್. ನಡುವೆ ಒಂದು ಅಕೇಶಿಯಾ ಕೊಂಬೆ ಮುರಿದು ಬಿದ್ದಿತ್ತು. ಕರಿಯದನ್ನೂ ಎಳೆದಿತ್ತು, ಬಿಳಿಯದನ್ನೂ ಎಳೆದಿತ್ತು.

ಎರಡು ಕಂಪನಿ, ಎರಡು ಬಿಲ್ಲು, ಎರಡು ಕಸ್ಟಮರ್ ಕೇರ್ ನಂಬರ್. ಕಂಬ ಮಾತ್ರ ಒಂದೇ. ಕೇಬಲ್ ಹುಡುಗನೂ ಒಬ್ಬನೇ, ಎರಡು ಕಂಪನಿಯ ಕೆಲಸವನ್ನೂ ಅವನೇ ನೋಡಿಕೊಳ್ಳುವುದು. ನಾನು ಹಿಂದಿನ ವರ್ಷ ತಲೆ ಎತ್ತಿ ಕಂಬ ನೋಡಿದ್ದರೆ ಸಾಕಿತ್ತು. ನೋಡಿರಲಿಲ್ಲ.

ಎಲ್ಲೆಲ್ಲಿ ಒಂದೇ?

ಅವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು ಕೂತೆ. ಮಂಡಿಯ ಕಂಪ್ಯೂಟರಿನಿಂದ ಜಿಎಸ್‌ಟಿ ಪೋರ್ಟಲ್ ತನಕ ದಾರಿ ಬರೆದು, ಎರಡು ಕನೆಕ್ಷನ್ ಎಲ್ಲೆಲ್ಲಿ ಒಂದೇ ವಸ್ತುವಿನ ಮೇಲೆ ನಿಂತಿವೆ ಅಂತ ಗುರುತು ಹಾಕಿದೆ. ಕಂಬ ಒಂದೇ. ಬಾಕ್ಸ್ ಒಂದೇ. ಆಪರೇಟರ್ ರೂಮು ಒಂದೇ, ಅಲ್ಲಿನ ಕರೆಂಟು ಒಂದೇ. ಮಂಡಿಯೊಳಗೂ ಎರಡು ಮೋಡೆಮ್‌ಗೆ ಪ್ಲಗ್ ಬೋರ್ಡ್ ಒಂದೇ. ಅದೂ ಇನ್ವರ್ಟರ್ ಲೈನಿನದಲ್ಲ! ಕರೆಂಟ್ ಹೋದಾಗ ಕಂಪ್ಯೂಟರ್ ನಡೆಯುತ್ತೆ, ಫ್ಯಾನ್ ತಿರುಗುತ್ತೆ, ನೆಟ್ ಹೋಗುತ್ತೆ. ಇಷ್ಟು ದಿನ ಅವರು ಅದನ್ನು "ಕಂಪನಿಯವರದ್ದೇ ಪ್ರಾಬ್ಲಂ" ಅಂದುಕೊಂಡಿದ್ದರು.

ಊರಿನಿಂದ ಆಚೆಗೂ ನೋಡಬೇಕಾಗುತ್ತೆ. ರಸ್ತೆ ಪಕ್ಕ ಜೆಸಿಬಿ ಅಗೆದರೆ ಒಂದೇ ಏಟಿಗೆ ಎಷ್ಟು ಕಂಪನಿಯ ಫೈಬರ್ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲಿ ಅಂತಲೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅಂತ ಆ್ಯಪ್ ತಂದಿದೆ. ನಮ್ಮ ಕಡೆ ಜೆಸಿಬಿ ಓಡಿಸುವವರ ಫೋನಿನಲ್ಲಿ ನಾನಂತೂ ಅದನ್ನು ಕಂಡಿಲ್ಲ.

ಈ ಮಳೆಗಾಲಕ್ಕೆ ಮೊದಲಿನ ಬೇಸಿಗೆಯಲ್ಲಿ ಹೀಗೇ ಎಲ್ಲೋ ಅಗೆದು ಅರ್ಧ ದಿನ ಎರಡೂ ಫೈಬರ್ ಹೋಗಿತ್ತು. ಅವತ್ತಿನ ಒಂದು ವಿಷಯ ಈಗ ಉಪಯೋಗಕ್ಕೆ ಬಂತು. ನನ್ನ ಫೋನಿನಲ್ಲಿ ಎರಡು ಸಿಮ್ ಇದೆ. ಒಂದರಲ್ಲಿ ಕಡ್ಡಿ ತುಂಬಾ ಇತ್ತು, ಡೇಟಾ ಮಾತ್ರ ಒಂದು ಹನಿಯೂ ಇರಲಿಲ್ಲ. ಇನ್ನೊಂದರಲ್ಲಿ ಎರಡೇ ಕಡ್ಡಿ, ನೆಟ್ ಸರಾಗ. ಟವರ್ ಅಂದರೆ ಅದೂ ಎಲ್ಲಿಂದಲೋ ನೆಟ್ ತಂದುಕೊಳ್ಳಬೇಕು ತಾನೇ? ಮೊದಲನೆಯ ಟವರಿಗೆ ಬರುವುದೂ ಅದೇ ಕಡಿದುಹೋದ ದಾರಿಯಲ್ಲಿ ಇರಬೇಕು. ಎರಡನೆಯದು ಊರಾಚೆ ಗುಡ್ಡದ ಮೇಲಿದೆ. ಅದರ ಮೇಲೆ ಡೋಲಿನಂಥ ಬಿಳಿ ಡಿಶ್ ಇದೆ. ಅದು ಮೈಕ್ರೋವೇವ್ ಲಿಂಕ್, ಗಾಳಿಯಲ್ಲೇ ಇನ್ನೊಂದು ಟವರಿಗೆ ಹೋಗುತ್ತೆ. ಡೋಲು ಕಂಡ ಮಾತ್ರಕ್ಕೆ ಆ ಟವರಿಗೆ ಫೈಬರ್ ಇಲ್ಲ ಅಂತಲ್ಲ. ಆದರೆ ಫೈಬರ್ ಕಡಿದ ದಿನ ಅದು ನಡೆದಿದ್ದನ್ನು ಕಣ್ಣಾರೆ ಕಂಡಿದ್ದೆ. ನನಗೆ ಅಷ್ಟು ಸಾಕಾಯಿತು.

ಸಾಹುಕಾರರಿಗೆ ಹೇಳಿದೆ: ಎರಡನೇ ಫೈಬರ್ ಬಿಟ್ಟುಬಿಡಿ. ಆ ದುಡ್ಡಿನಲ್ಲಿ ಕಡ್ಡಿ ಕಮ್ಮಿ ತೋರಿಸುವ ಆ ಸಿಮ್ ಹಾಕೋಣ. ಅವರು ನನ್ನ ಮುಖ ಒಂದು ಸಲ ನೋಡಿದರು. "ಹೋದ ವರ್ಷ ನೀನೇ ಅಲ್ವಾ ಹಾಕಿಸಿದ್ದು?"

ನಾನೇ.

ಸಾಮಾನು

ಯಾವ ಕನೆಕ್ಷನ್ ಹಿಡಿಯಬೇಕು ಅಂತ ನೋಡಿಕೊಳ್ಳುವ ರೂಟರ್ ಆಗಿ ಮೈಕ್ರೋಟಿಕ್ ಹೆಕ್ಸ್ ತಗೊಂಡೆ. ಲಾಟ್ವಿಯಾದ ಕಂಪನಿ. ಅಂಗೈಯಗಲದ ಡಬ್ಬಿ, ಐದು ಪೋರ್ಟು. ಇದರಲ್ಲಿ ವೈಫೈ ಇಲ್ಲ, ಇದರಲ್ಲೇ ಇರಬೇಕು ಅಂತಲೂ ಇಲ್ಲ. ನಾನು ತಗೊಂಡ ಮಾಡೆಲ್ 8ರಿಂದ 30 ವೋಲ್ಟ್ ತನಕ ಏನು ಕೊಟ್ಟರೂ ನಡೆಯುತ್ತೆ, ಮಲೆನಾಡಿನ ಕರೆಂಟಿಗೆ ಹೇಳಿ ಮಾಡಿಸಿದ ಹಾಗೆ. ಟಿಪಿ-ಲಿಂಕ್‌ನ ಇಆರ್605 ಕೂಡ ಆಗುತ್ತಿತ್ತು. ಕ್ಲಿಕ್ ಮಾಡಿಯೇ ಎಲ್ಲ ಸೆಟ್ ಮಾಡಬೇಕು ಅನ್ನುವವರಿಗೆ ಅದೇ ಸುಲಭ. ನನಗೆ ಮೈಕ್ರೋಟಿಕ್ ಕೈಗೆ ಕೂತಿದೆ, ಅಷ್ಟೇ. ಅದರ ಜೊತೆ ಹೊರಗಿನ ಆಂಟೆನಾ ಹಾಕಬಹುದಾದ ಒಂದು 4ಜಿ ರೂಟರ್. ಇದ್ದ ಎರಡು ಫೈಬರ್ ಮೋಡೆಮ್‌ಗಳಲ್ಲಿ ಒಂದು.

4ಜಿ ರೂಟರನ್ನು ಮೊದಲು ಕೆಳಗೆ ಟೇಬಲ್ ಹತ್ತಿರವೇ ಇಟ್ಟು ನೋಡಿದೆ. ಆರ್‌ಎಸ್‌ಆರ್‌ಪಿ ಅನ್ನೋ ಸಿಗ್ನಲ್ ಅಳತೆ ಮೈನಸ್ 114 ತೋರಿಸಿತು. ಮೈನಸ್ 110ಕ್ಕಿಂತ ಕೆಳಗೆ ಹೋದರೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅಟ್ಟ ಹತ್ತಿ ಗುಡ್ಡದ ಕಡೆಯ ಕಿಟಕಿಯಲ್ಲಿ ಇಟ್ಟೆ: ಮೈನಸ್ 97. ಆಂಟೆನಾ ಸಿಕ್ಕಿಸಿ ಹೊರಗೆ ಮಾಡಿನ ಕೆಳಗೆ ಮಳೆ ತಾಗದ ಹಾಗೆ ಕಟ್ಟಿದೆ: ಮೈನಸ್ 91. ಆಂಟೆನಾ ವೈರು ಉದ್ದ ಎಳೆದು ರೂಟರನ್ನು ಕೆಳಗೇ ಇಡೋಣ ಅಂತ ಆಸೆ ಆಗುತ್ತೆ. ಬೇಡ. ಉದ್ದ ಎಳೆದಷ್ಟೂ ಗಳಿಸಿದ ಸಿಗ್ನಲ್ ಆ ವೈರಿನಲ್ಲೇ ಸೋರಿಹೋಗುತ್ತೆ. ರೂಟರ್ ಅಟ್ಟದಲ್ಲೇ ಇರಲಿ, ಕೆಳಗೆ ನೆಟ್‌ವರ್ಕ್ ಕೇಬಲ್ ತರೋಣ.

ಇಲ್ಲಿ ಒಂದು ದಿನ ಹಾಳಾಯಿತು. ಅಟ್ಟದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ನೆಟ್‌ವರ್ಕ್ ಕೇಬಲ್ಲಿನ ಎಂಟು ತಂತಿಯಲ್ಲಿ ನಾಲ್ಕರಲ್ಲಿ ಡೇಟಾ, ಉಳಿದ ನಾಲ್ಕರಲ್ಲಿ 12 ವೋಲ್ಟ್ ಕಳಿಸುವ ಜೋಡಿ ಕನೆಕ್ಟರ್ ಸಿಗುತ್ತೆ. ವೇಗ 100 ಎಂಬಿಪಿಎಸ್‌ಗೆ ನಿಲ್ಲುತ್ತೆ, 4ಜಿಗೆ ಅದು ಧಾರಾಳ. ಹಾಕಿದೆ, ದೀಪ ಹತ್ತಿತು, ಖುಷಿಯಾಯಿತು. ಸ್ಪೀಡ್ ಟೆಸ್ಟ್ ಒತ್ತಿದೆ, ರೂಟರ್ ಆಫ್ ಆಗಿ ಆನ್ ಆಯಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಸುಮ್ನೆ ಇದ್ದಾಗ ಸರಿ ಇರುತ್ತೆ, ಕೆಲಸ ಕೊಟ್ಟ ಕೂಡಲೇ ಬೀಳುತ್ತೆ.

ಮೀಟರ್ ಹಿಡಿದೆ. ಕೆಳಗೆ 12.2 ವೋಲ್ಟ್, ಅಟ್ಟದಲ್ಲಿ ಲೋಡ್ ಬಿದ್ದಾಗ 10ರ ಆಸುಪಾಸು. ಇಪ್ಪತ್ತು ಮೀಟರ್ ಕೇಬಲ್ಲಿನಲ್ಲಿ ಎರಡು ವೋಲ್ಟ್ ಎಲ್ಲಿ ಹೋಯಿತು? ಕೇಬಲ್ ತುದಿ ಕತ್ತರಿಸಿ ತಂತಿಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರ ಬಳಿದ ಅಲ್ಯೂಮಿನಿಯಂ! ಅಂಗಡಿಯಲ್ಲಿ ಸಿಸಿಎ ಅಂತ ಕೇಳಿದರೆ ಅವರಿಗೂ ಗೊತ್ತಿರುತ್ತೆ. ಡೇಟಾ ಇದರಲ್ಲಿ ಹೇಗೋ ಹೋಗುತ್ತೆ, ಕರೆಂಟು ಹೋಗುವಾಗ ಅದರ ಬಂಡವಾಳ ಬಯಲಾಗುತ್ತೆ. ಅಪ್ಪಟ ತಾಮ್ರದ ಕೇಬಲ್ ತಂದು ಎಳೆದೆ. ವೋಲ್ಟೇಜ್ 11ಕ್ಕೆ ನಿಂತಿತು, ರೂಟರ್ ಮತ್ತೆ ಬೀಳಲಿಲ್ಲ. ಕೇಬಲ್ ತರುವಾಗ ಕಿಸೆಯಲ್ಲಿ ಬ್ಲೇಡ್ ಇಟ್ಟುಕೊಳ್ಳಿ. ಅಂಗಡಿಯವನ ಎದುರೇ ಕೆರೆದು ನೋಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಪವರ್ ಕೆಲಸ ಬೇಗ ಮುಗಿಯಿತು. ಮೋಡೆಮ್, ಹೆಕ್ಸ್, ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್, 4ಜಿ ರೂಟರ್ ಎಲ್ಲ ಸೇರಿ 19 ವ್ಯಾಟ್. ಅವರ ಇನ್ವರ್ಟರ್ ಬ್ಯಾಟರಿ 150 ಎಎಚ್, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಇನ್ವರ್ಟರ್ ಲೈನಿನಿಂದ ಒಂದು ಬೋರ್ಡ್ ಎಳೆಸಿ ಎಲ್ಲವನ್ನೂ ಅದಕ್ಕೆ ಹಾಕಿದೆ. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇತ್ತು, ಅದನ್ನು ಯುಪಿಎಸ್ ಮೋಡ್‌ಗೆ ತಳ್ಳಿದೆ. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕ್ಷಣದಲ್ಲೇ ಮೋಡೆಮ್ ಆಫ್ ಆಗಿ, ಮತ್ತೆ ಎದ್ದು ಕೂರಲು ಎರಡು ಮೂರು ನಿಮಿಷ ತಗೊಳ್ಳುತ್ತಿತ್ತು.

ಸತ್ತಿದೆ ಅಂತ ರೂಟರಿಗೆ ಗೊತ್ತಾಗಬೇಕಲ್ಲ

ಮೊದಲ ಎಡವಟ್ಟು ಎಲ್ಲರಿಗೂ ಆಗುವಂಥದ್ದೇ. ಫೈಬರ್ ಮೋಡೆಮ್ಮಿನ ವಿಳಾಸ 192.168.1.1, 4ಜಿ ರೂಟರಿನದ್ದೂ 192.168.1.1. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು. 4ಜಿಯದನ್ನು 192.168.8.1 ಮಾಡಿದೆ.

ಆಮೇಲೆ ಅಸಲಿ ಕೆಲಸ. ಫೈಬರ್ ದಾರಿಗೆ ಡಿಸ್ಟೆನ್ಸ್ 1, 4ಜಿ ದಾರಿಗೆ ಡಿಸ್ಟೆನ್ಸ್ 2. ಚಿಕ್ಕ ಅಂಕಿ ಇರುವ ದಾರಿ ಬದುಕಿರುವಷ್ಟು ಹೊತ್ತು ರೂಟರ್ ಅದನ್ನೇ ಹಿಡಿಯುತ್ತೆ. ಬದುಕಿದೆಯೋ ಇಲ್ಲವೋ ನೋಡಲು 'ಚೆಕ್ ಗೇಟ್‌ವೇ' ಅಂತ ಒಂದು ಸೆಟ್ಟಿಂಗ್. ಹತ್ತು ಸೆಕೆಂಡಿಗೊಮ್ಮೆ "ಇದ್ದೀಯಾ?" ಅಂತ ಕೇಳುವ ಪಿಂಗ್ ಕಳಿಸುತ್ತೆ, ಎರಡು ಸಲ ಉತ್ತರ ಬರದಿದ್ದರೆ ಆ ದಾರಿ ಬಿಟ್ಟುಬಿಡುತ್ತೆ. ಹಾಕಿದೆ. ಹೆಕ್ಸ್‌ನಿಂದ ಫೈಬರಿನ ನೆಟ್‌ವರ್ಕ್ ಕೇಬಲ್ ಎಳೆದೆ. ತಕ್ಷಣ 4ಜಿಗೆ ಹೋಯಿತು. ಸಾಹುಕಾರರು "ಭಾರಿ ಚೆನ್ನಾಗಿದೆ" ಅಂದರು.

ಬಹಳ ಜನ ಇಲ್ಲಿಗೇ ನಿಲ್ಲಿಸಿ ಬಿಲ್ ಬರೆಯುತ್ತಾರೆ. ಆದರೆ ನಮ್ಮೂರಿನಲ್ಲಿ ಆ ಒಂದು ಅಡಿ ಕೇಬಲ್ ಯಾವತ್ತಾದರೂ ಕಡಿದಿದ್ದುಂಟಾ? ಕಡಿಯುವುದು ಹೊರಗೆ, ಕಂಬದಲ್ಲಿ. ಹಾಗಾಗಿ ಅಲ್ಲೇ ಕಡಿದು ನೋಡಬೇಕು. ಮೋಡೆಮ್ಮಿನ ಹಿಂದಿನ ಹಸಿರು ಫೈಬರ್ ಕನೆಕ್ಟರನ್ನು ಎಳೆದೆ. (ತುದಿ ಕಣ್ಣಿಗೆ ಹಿಡಿದು ನೋಡಬೇಡಿ, ಬೆಳಕು ಕಾಣಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಕೂಡಲೇ ಟೋಪಿ ಹಾಕಿ, ಬೆರಳು ತಾಗಿಸಬೇಡಿ.) ಎಲ್‌ಒಎಸ್ ಕೆಂಪಾಯಿತು. ಇಪ್ಪತ್ತು ಸೆಕೆಂಡ್ ಆಯಿತು, ಒಂದು ನಿಮಿಷ ಆಯಿತು, ನೆಟ್ ಬರಲೇ ಇಲ್ಲ.

ಯಾಕೆಂದರೆ ಹೆಕ್ಸ್ ಪಿಂಗ್ ಕಳಿಸುತ್ತಿದ್ದುದು ಪಕ್ಕದ ಮೋಡೆಮ್‌ಗೆ. ಮೋಡೆಮ್ ಬದುಕಿದೆ, "ಇದ್ದೇನೆ, ಇದ್ದೇನೆ" ಅಂತ ಉತ್ತರ ಕೊಡುತ್ತಾ ಇದೆ. ಅದರ ಆಚೆ ಸೇತುವೆ ಕೊಚ್ಚಿಹೋಗಿರುವುದು ಹೆಕ್ಸ್‌ಗೆ ಹೇಗೆ ಗೊತ್ತಾಗಬೇಕು?

ಪರಿಹಾರ: ಹೊಳೆಯಾಚೆ ಇರುವವನನ್ನು ಕರೆದು ನೋಡು. ಗೂಗಲ್‌ನ ವಿಳಾಸ 8.8.8.8ಕ್ಕೆ ಫೈಬರ್ ಮೋಡೆಮ್ ಮೂಲಕವೇ ಹೋಗಬೇಕು ಅಂತ ಒಂದು ದಾರಿ ಬರೆದೆ, ಸ್ಕೋಪ್ 10. ಮುಖ್ಯ ದಾರಿಗೆ ಗೇಟ್‌ವೇ ಅಂತ ಮೋಡೆಮ್ ಬದಲು ಆ 8.8.8.8ನ್ನೇ ಕೊಟ್ಟೆ, ಟಾರ್ಗೆಟ್ ಸ್ಕೋಪ್ 11. (ಒಂದು ದಾರಿ ಇನ್ನೊಂದು ದಾರಿಯನ್ನು ಆಧರಿಸಿ ನಿಲ್ಲಬಹುದಾ ಅಂತ ಹೇಳುವ ಅಂಕಿಗಳು ಇವು.) ಈಗ ಪಿಂಗ್ ಹೋಗುವುದು ಗೂಗಲ್‌ವರೆಗೆ. ಇದಕ್ಕೆ ರಿಕರ್ಸಿವ್ ರೂಟಿಂಗ್ ಅನ್ನುತ್ತಾರೆ. ಮೋಡೆಮ್ಮಿನಿಂದ ತಾನಾಗಿ ಬರುವ ಡಿಫಾಲ್ಟ್ ದಾರಿಯನ್ನು, ಹೆಕ್ಸ್ ಅದನ್ನು ಪಡೆಯುವ ಡಿಎಚ್‌ಸಿಪಿ ಕ್ಲೈಂಟ್‌ನಲ್ಲಿ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಅದೂ ಡಿಸ್ಟೆನ್ಸ್ 1 ಹಿಡಿದು ಕೂತು ಇದೆಲ್ಲ ಮಾಡಿದ್ದು ನೀರಿಗೆ ಹಾಕಿದ ಹೋಮ.

ಮತ್ತೆ ಹಸಿರು ಕನೆಕ್ಟರ್ ಎಳೆದೆ. ಅರ್ಧ ನಿಮಿಷದೊಳಗೆ 4ಜಿ. ಎಲ್ಲರಿಗೂ ನೆಟ್ ಬಂತು.

"ತಮ್ಮಾ, ನನ್ನದು ಮಾತ್ರ ಬರ್ತಿಲ್ಲ" ಅಂದರು ಅಕ್ಕ.

ಅಕ್ಕನ ಕಂಪ್ಯೂಟರ್

ಇದರ ಮುಂದೆ ಮುಕ್ಕಾಲು ಗಂಟೆ ಕೂತೆ. ಪಕ್ಕದ ಟೇಬಲ್ಲಿನಲ್ಲಿ ನಡೆಯುತ್ತೆ, ಇವರದ್ದರಲ್ಲಿ ಇಲ್ಲ. ಕೇಬಲ್ ಬದಲಿಸಿದೆ. ಸ್ವಿಚ್ಚಿನ ಪೋರ್ಟ್ ಬದಲಿಸಿದೆ. 1.1.1.1ಕ್ಕೆ ಪಿಂಗ್ ಮಾಡಿದರೆ ಚೆಂದಾಗಿ ಉತ್ತರ ಬರುತ್ತೆ, ಬ್ರೌಸರಿನಲ್ಲಿ ಏನು ಹೊಡೆದರೂ ತೆರೆಯಲ್ಲ. ಅಂದರೆ ದಾರಿ ಇದೆ, ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವವನು (ಡಿಎನ್‌ಎಸ್) ಇಲ್ಲ.

ಸೆಟ್ಟಿಂಗ್ ತೆರೆದರೆ ಡಿಎನ್‌ಎಸ್ ಕೈಯಲ್ಲಿ ಬರೆದಿದೆ: 8.8.8.8.

ಅದನ್ನು ಬರೆದವನೂ ನಾನೇ. ಯಾವ ಕಾಲದಲ್ಲೋ ಕಂಪನಿಯ ಡಿಎನ್‌ಎಸ್ ಕೈಕೊಟ್ಟಾಗ ಹಾಕಿ ಮರೆತಿದ್ದೆ. ಇವತ್ತು ಬೆಳಿಗ್ಗೆ ಅದೇ ವಿಳಾಸವನ್ನು ಫೈಬರಿನ ಮೂಲಕವೇ ಹೋಗಬೇಕು ಅಂತ ರೂಟರಿನಲ್ಲಿ ಕಟ್ಟಿಹಾಕಿದ್ದೇನೆ. ಫೈಬರ್ ಸತ್ತಾಗ 4ಜಿಯಲ್ಲಿ ಜಗತ್ತೆಲ್ಲ ಸಿಗುತ್ತೆ, 8.8.8.8 ಒಂದನ್ನು ಬಿಟ್ಟು. ಅಕ್ಕನ ಕಂಪ್ಯೂಟರ್ ಕೇಳುವುದು ಅದನ್ನೊಂದನ್ನೇ.

ಇಂಟರ್ನೆಟ್ಟಿನಲ್ಲಿ ಸಿಗುವ ಉದಾಹರಣೆಗಳೆಲ್ಲ 8.8.8.8 ಇಟ್ಟುಕೊಂಡೇ ಬರೆದಿರುತ್ತವೆ. ನಕಲು ಹೊಡೆಯುವ ಮೊದಲು ಯೋಚನೆ ಮಾಡಿ. ಕಟ್ಟಿಹಾಕುವ ವಿಳಾಸ ಬೇರೆ ಯಾರೂ ಬಳಸದ್ದಾಗಿರಬೇಕು. ನಾನು ಓಪನ್‌ಡಿಎನ್‌ಎಸ್‌ನ 208.67.222.222 ಮತ್ತು ಕ್ವಾಡ್9ರ 9.9.9.9 ಎರಡನ್ನು ಕಾವಲಿಗೆ ಇಟ್ಟೆ. ಒಂದನ್ನೇ ನಂಬಿದರೆ ಅದು ಸುಮ್ನಾದ ದಿನ ಫೈಬರ್ ಸರಿ ಇದ್ದರೂ ಸತ್ತಿದೆ ಅಂದುಕೊಳ್ಳುತ್ತೆ. ಮಂಡಿಯ ಎಲ್ಲ ಕಂಪ್ಯೂಟರಿಗೂ ಡಿಎನ್‌ಎಸ್ ಅಂದರೆ ಹೆಕ್ಸ್ ಮಾತ್ರ. ಹೆಕ್ಸ್ ಹೊರಗೆ ಕೇಳುವುದು 1.1.1.1 ಮತ್ತು 8.8.8.8ನ್ನು. ಫೈಬರ್ ಕಂಪನಿಯ ಸ್ವಂತ ಡಿಎನ್‌ಎಸ್ ಇಟ್ಟುಕೊಳ್ಳಲೇಬಾರದು, ಬೇರೆ ಕಂಪನಿಯ ದಾರಿಯಿಂದ ಬಂದು ಕೇಳಿದರೆ ಬಹಳ ಸಲ ಅದು ಉತ್ತರ ಕೊಡಲ್ಲ.

ಶಿವಮೊಗ್ಗದ ಟ್ಯಾಲಿ

ಈಗ ಬ್ರೌಸರ್ ತೆರೆಯಿತು, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆಯಲಿಲ್ಲ. ಟ್ಯಾಲಿ ಇರುವುದು ಶಿವಮೊಗ್ಗದ ಕಚೇರಿಯ ಕಂಪ್ಯೂಟರಿನಲ್ಲಿ. ಅಲ್ಲಿಗೆ ಈ ಕಂಪ್ಯೂಟರುಗಳಿಂದ ಇಂಟರ್ನೆಟ್ ಒಳಗೇ ಗುಟ್ಟಾಗಿ ಹೋಗುವ ವೈರ್‌ಗಾರ್ಡ್ ಸುರಂಗ ಹಾಕಿದ್ದೇನೆ. ಫೈಬರ್ ಎಳೆದ ಮೇಲೆ ಹತ್ತು ನಿಮಿಷ ಕಾದರೂ ಸುರಂಗ ಏಳಲಿಲ್ಲ. ಕಂಪ್ಯೂಟರ್ ರಿಸ್ಟಾರ್ಟ್ ಮಾಡಿದರೆ ಏಳುತ್ತೆ.

ಇದು ಸ್ವಲ್ಪ ಸೂಕ್ಷ್ಮ. ಒಳಗಿನ ಕಂಪ್ಯೂಟರ್ ಹೊರಗೆ ಮಾತಾಡಲು ಶುರು ಮಾಡಿದಾಗ ಹೆಕ್ಸ್ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತೆ: ಈ ಮಾತುಕತೆ ಫೈಬರಿನ ವಿಳಾಸದಿಂದ ಹೊರಟಿದೆ ಅಂತ. ದಾರಿ ಬದಲಾದರೂ ಹಳೆಯ ಮಾತುಕತೆಗೆ ಹಳೆಯ ಸಾಲೇ. ಡೇಟಾ ಪೊಟ್ಟಣ 4ಜಿ ಕಡೆ ಹೋಗುತ್ತೆ, ಮೇಲೆ ಬರೆದಿರುವ 'ಇವರಿಂದ' ವಿಳಾಸ ಫೈಬರಿನದ್ದು. ಉತ್ತರ ವಾಪಸ್ ಬರಲು ದಾರಿಯೇ ಇಲ್ಲ. ಬ್ರೌಸರ್ ಆದರೆ ಸುಸ್ತಾಗಿ ಬಿಟ್ಟು ಹೊಸದಾಗಿ ಶುರು ಮಾಡುತ್ತೆ. ವೈರ್‌ಗಾರ್ಡ್ ಹಟಮಾರಿ. ಐದು ಸೆಕೆಂಡಿಗೊಮ್ಮೆ ಅದೇ ಪೋರ್ಟ್ ನಂಬರಿನಿಂದ ಬಾಗಿಲು ಬಡಿಯುತ್ತಲೇ ಇರುತ್ತೆ. ಸುಮ್ನೆ ಬಿಟ್ಟಿದ್ದರೆ ಆ ಸಾಲು ಮೂರು ನಿಮಿಷದಲ್ಲಿ ಅಳಿಯುತ್ತಿತ್ತು. ಬಡಿದಾಗಲೆಲ್ಲ ಅದಕ್ಕೆ ಹೊಸ ಆಯುಷ್ಯ ಸಿಗುತ್ತೆ.

ದಾರಿ ಬದಲಾದ ಕೂಡಲೇ ಆ ಪುಸ್ತಕದ ಸಾಲುಗಳನ್ನೆಲ್ಲ ಅಳಿಸಿಹಾಕು ಅಂತ ಹೇಳಿದೆ. ಒಂದು ಕ್ಷಣ ಎಲ್ಲರದ್ದೂ ತುಂಡಾಗುತ್ತೆ, ಮರುಕ್ಷಣ ಹೊಸ ದಾರಿಯಲ್ಲಿ ಹುಟ್ಟುತ್ತೆ. ಸುರಂಗ ಹತ್ತು ಸೆಕೆಂಡಿನಲ್ಲಿ ಎದ್ದಿತು.

ಎರಡನ್ನೂ ಒಟ್ಟಿಗೇ ಓಡಿಸಿ ಹಂಚಿಕೊಳ್ಳಬಾರದಾ ಅಂತ ಸಾಹುಕಾರರ ಮಗ ಬೆಂಗಳೂರಿನಿಂದ ಫೋನ್ ಮಾಡಿ ಕೇಳಿದ. ಮಾಡಬಹುದು. ಆದರೆ ಲಾಗಿನ್ ಒಂದು ಐಪಿ ವಿಳಾಸದಿಂದ, ಮುಂದಿನ ಕ್ಲಿಕ್ ಇನ್ನೊಂದು ಐಪಿಯಿಂದ ಬಂದರೆ ಬ್ಯಾಂಕಿನ ಸೈಟುಗಳು ಹೊರಗೆ ತಳ್ಳುತ್ತವೆ. ಅದನ್ನು ಸರಿಮಾಡುವ ಉಪಾಯವೂ ಇದೆ. ಮೂರು ಕಂಪ್ಯೂಟರಿನ ಮಂಡಿಗೆ ಅಷ್ಟೆಲ್ಲ ಯಾಕೆ?

ಬಂದಿತು, ಹೋಯಿತು, ಬಂದಿತು

ಕೇಬಲ್ ಹುಡುಗ ಫೈಬರ್ ಜೋಡಿಸಿ ಹೋದ ಮರುದಿನದಿಂದ ಹೊಸ ತಾಪತ್ರಯ. ಫೈಬರ್ ಒಂದು ನಿಮಿಷ ಇರುತ್ತೆ, ಎರಡು ನಿಮಿಷ ಇರಲ್ಲ. ಹೆಕ್ಸ್ ಆ ಕಡೆ ಈ ಕಡೆ ಕುಣಿಯುತ್ತೆ. ಪ್ರತಿ ಕುಣಿತಕ್ಕೂ ಪುಸ್ತಕ ಅಳಿಸುತ್ತೆ, ಟ್ಯಾಲಿ ತುಂಡಾಗುತ್ತೆ. ಅವತ್ತು ಟೆಂಡರ್ ಬೇರೆ ಇತ್ತು. ರೇಟು ಹಾಕುವುದು ಆನ್‌ಲೈನಿನಲ್ಲಿ, ಹೊತ್ತು ಮೀರಿದರೆ ಆ ಲಾಟು ಬೇರೆಯವರ ಪಾಲು. ಸಾಹುಕಾರರು ನನ್ನ ಬಳಿ ಏನೂ ಅನ್ನಲಿಲ್ಲ. ಫೈಬರಿನ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಟೆಂಡರ್ ಮುಗಿಸಿದರು.

ರಿಕರ್ಸಿವ್ ದಾರಿಯಲ್ಲಿ ಬೀಳುವುದಕ್ಕೆ ಲೆಕ್ಕವಿದೆ, ಏಳುವುದಕ್ಕೆ ತಾಳ್ಮೆ ಇಲ್ಲ. ಒಂದು ಪಿಂಗ್ ಬಂದರೆ ಸಾಕು, ಓಡಿ ಹೋಗುತ್ತೆ. ಅದನ್ನು ತೆಗೆದು ಸಣ್ಣ ಸ್ಕ್ರಿಪ್ಟ್ ಬರೆದೆ. ಮೂವತ್ತು ಸೆಕೆಂಡಿಗೊಮ್ಮೆ ಎರಡೂ ಕಾವಲು ವಿಳಾಸಗಳಿಗೆ ಪಿಂಗ್. ಎರಡೂ ಸತ್ತರೆ ತಕ್ಷಣ 4ಜಿ. ವಾಪಸ್ ಬರಬೇಕಾದರೆ ಸತತ ಹತ್ತು ಸಲ ಸರಿ ಇರಬೇಕು, ಅಂದರೆ ಐದು ನಿಮಿಷ. ನಡುವೆ ಒಂದು ತಪ್ಪಿದರೂ ಲೆಕ್ಕ ಮೊದಲಿನಿಂದ.

ಫೈಬರ್ ಕುಣಿಯುತ್ತಿದ್ದುದು ಯಾಕೆ ಅಂತಲೂ ನೋಡಬೇಕಲ್ಲ. ಬೆಳಕಿನ ಬಲ ಅಳೆಯುವ ಕೇಬಲ್ ಹುಡುಗನ ಪವರ್ ಮೀಟರ್ ಹಿಡಿದರೆ ಮೈನಸ್ 28.6 ಡಿಬಿಎಂ. ಈ ಮೋಡೆಮ್‌ಗಳಿಗೆ ಮೈನಸ್ 27 ದಾಟಿದರೆ ಕಣ್ಣು ಮಂಜಾಗುತ್ತೆ. ಅವನು ಕಂಬ ಹತ್ತಲು ಹೊರಟ. ನಾನು ಕಿಟಕಿ ನೋಡಿದೆ. ಚೌಕಟ್ಟಿನ ಮೂಲೆಯಲ್ಲಿ ವೈರನ್ನು ಚಪಾತಿ ಮಡಚಿದ ಹಾಗೆ ಮಡಚಿ ಮೊಳೆ ಹೊಡೆದಿದ್ದರು. ಫೈಬರ್ ಒಳಗೆ ಗಾಜು. ಅಷ್ಟು ಬಗ್ಗಿಸಿದರೆ ಬೆಳಕು ಅಲ್ಲೇ ಹೊರಗೆ ಸೋರುತ್ತೆ. ಮೊಳೆ ತೆಗೆದು ಬಳೆಯಷ್ಟು ಅಗಲದ ತಿರುವು ಕೊಟ್ಟೆ: ಮೈನಸ್ 21.3. ಹುಡುಗ ಕಂಬದಿಂದ ಕೆಳಗಿಳಿದು ಬಂದು, "ಅಣ್ಣ, ಅದು ನಾನು ಹೊಡೆದ ಮೊಳೆ ಅಲ್ಲ" ಅಂದ. ಇರಲಿ ಬಿಡು ಅಂದೆ.

2 ಜಿಬಿ ಎಷ್ಟು ಹೊತ್ತು?

ಮೊದಲ ದೊಡ್ಡ ಪರೀಕ್ಷೆ ಅಂತ ಒಂದು ಬೆಳಿಗ್ಗೆ ಹತ್ತಕ್ಕೆ ಫೈಬರ್ ತೆಗೆದಿಟ್ಟು ನನ್ನ ಬೇರೆ ಕೆಲಸಕ್ಕೆ ಹೋದೆ. ಹನ್ನೊಂದೂವರೆಗೆ ಫೋನು, ನೆಟ್ ತೆವಳುತ್ತಿದೆ ಅಂತ. ದಿನಕ್ಕೆ 2 ಜಿಬಿ ಇರುವ ಸಿಮ್, ಒಂದೂವರೆ ಗಂಟೆಯಲ್ಲಿ ಖಾಲಿ. ಆಮೇಲೆ 64 ಕೆಬಿಪಿಎಸ್. ಬೆಂಗಳೂರಿನಲ್ಲಿ ಕೂತು ಮಗ ಮಂಡಿಯ ಕ್ಯಾಮೆರಾ ನೋಡುತ್ತಿದ್ದ, ಒಂದು ಕಂಪ್ಯೂಟರ್ ವಿಂಡೋಸ್ ಅಪ್‌ಡೇಟ್ ಇಳಿಸುತ್ತಿತ್ತು, ಹಮಾಲರ ಫೋನುಗಳೆಲ್ಲ ವೈಫೈಯಲ್ಲಿದ್ದವು. ಇ-ವೇ ಬಿಲ್ಲಿಗೆ ಬೇಕಾಗುವುದು ತೀರಾ ಸ್ವಲ್ಪ ಡೇಟಾ.

4ಜಿ ಕಡೆಯ ಬಾಗಿಲಿಗೆ ಫೈರ್‌ವಾಲ್ ಹಾಕಿದೆ: ಮೂರು ಕಂಪ್ಯೂಟರ್ ಮತ್ತು ಸಾಹುಕಾರರ ಫೋನು ಹೋಗಬಹುದು, ಉಳಿದದ್ದಕ್ಕೆ ಬಾಗಿಲು ಮುಚ್ಚಿದೆ. ಆ ಮೂರರಲ್ಲಿ ವಿಂಡೋಸ್‌ಗೆ ಇದು ಮೀಟರ್ ಇರುವ ಕನೆಕ್ಷನ್ ಅಂತಲೂ ಹೇಳಿದೆ. ಯುಪಿಐ ಮಾತಾಡುವ ಡಬ್ಬಿಗೆ ಅದರದ್ದೇ ಸಿಮ್ ಇದೆ, ಅದರ ಚಿಂತೆ ನನಗಿಲ್ಲ. ಕ್ಯಾಮೆರಾ ರೆಕಾರ್ಡ್ ಆಗುವುದು ಅಲ್ಲೇ ಡಿವಿಆರ್‌ನಲ್ಲಿ, ಫೈಬರ್ ಇಲ್ಲದ ಹೊತ್ತು ಮಗ ನೋಡದಿದ್ದರೂ ನಡೆಯುತ್ತೆ.

ಇನ್ನೊಂದು ಎಡವಟ್ಟನ್ನು ಹೇಳದೆ ಬಿಡುವ ಹಾಗಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಫೈಬರ್ ಹೋಯಿತು, ಹೆಕ್ಸ್ ಸರಿಯಾಗಿ 4ಜಿಗೆ ತಿರುಗಿತು, 4ಜಿಯಲ್ಲಿ ಏನೂ ಇಲ್ಲ. ಸಿಮ್ ರೀಚಾರ್ಜ್ ಮುಗಿದಿತ್ತು. 28 ದಿನದ ಪ್ಲಾನ್. ವರ್ಷಕ್ಕೆ ಹನ್ನೆರಡು ಸಲ ಅಂದುಕೊಂಡಿರುತ್ತೇವೆ, ಹದಿಮೂರು ಸಲ ಹಾಕಬೇಕು. "ನಿಮ್ಮ ಪ್ಲಾನ್ ನಾಳೆ ಮುಗಿಯುತ್ತದೆ" ಅಂತ ಕಂಪನಿಯವರು ಮೂರು ಮೆಸೇಜ್ ಕಳಿಸಿದ್ದಾರೆ. ಅವು ಹೋಗಿ ಬಿದ್ದದ್ದು ಅಟ್ಟದಲ್ಲಿರುವ ರೂಟರಿನ ಇನ್‌ಬಾಕ್ಸಿಗೆ! ಅಲ್ಲಿ ಓದುವವರು ಯಾರು, ಇಲಿ?

ಈಗ ವರ್ಷದ ಪ್ಲಾನ್ ಹಾಕಿದ್ದೇವೆ. ಪ್ರತಿ ಶನಿವಾರ ಸಂಜೆ ಆರಕ್ಕೆ ಹೆಕ್ಸ್ ತಾನೇ ಹತ್ತು ನಿಮಿಷ ಫೈಬರ್ ಬಿಟ್ಟು 4ಜಿಗೆ ಹೋಗುತ್ತೆ, ಹೋಗಿ ನನಗೂ ಅಕ್ಕನಿಗೂ ಟೆಲಿಗ್ರಾಂ ಮೆಸೇಜ್ ಕಳಿಸುತ್ತೆ. ಮೆಸೇಜ್ ಬಂದರೆ 4ಜಿ ಬದುಕಿದೆ ಅಂತ ಅರ್ಥ. ಆರೂ ಐದರ ತನಕ ಬರದಿದ್ದರೆ ಅಕ್ಕನೇ ಫೋನ್ ಮಾಡುತ್ತಾರೆ.

ಸೆಪ್ಟೆಂಬರ್ ಮೊದಲ ವಾರ ಮತ್ತೆ ಜೋರು ಮಳೆ. ನಾನು ತಾಳಗುಪ್ಪದಲ್ಲಿ ಯಾರದ್ದೋ ಡಿವಿಆರ್ ಬಿಚ್ಚಿಕೊಂಡು ಕೂತಿದ್ದೆ. 11:42ಕ್ಕೆ ಮೆಸೇಜ್, ಫೈಬರ್ ಇಲ್ಲ, 4ಜಿಯಲ್ಲಿದೆ ಅಂತ. ಶನಿವಾರ ಅಲ್ಲ. ಮಂಡಿಗೆ ಫೋನ್ ಮಾಡಿದೆ. ಲಾರಿ ಹೊರಟು ಅರ್ಧ ಗಂಟೆ ಆಯ್ತು ಅಂದರು. ಸಂಜೆ ಏಳರ ತನಕ ಫೈಬರ್ ಬರಲಿಲ್ಲ. ಅಷ್ಟೂ ಹೊತ್ತಿಗೆ ಖರ್ಚಾದದ್ದು 340 ಎಂಬಿ.

ನಾಲ್ಕು ಗಂಟೆಗೆ ಇಪ್ಪತ್ತು ನಿಮಿಷ ಟ್ಯಾಲಿ ಹೋಗಿತ್ತಂತೆ. ನಾನು ಹೆಕ್ಸ್‌ನ ಲಾಗ್ ಪೂರ್ತಿ ಓದಿದೆ, ಈ ಕಡೆ ಏನೂ ಆಗಿಲ್ಲ. ಹೋಗಿದ್ದು ಶಿವಮೊಗ್ಗದ ಕಡೆ. ಅಲ್ಲಿರುವುದು ಒಂದೇ ಕನೆಕ್ಷನ್, ಮೋಡೆಮ್ ಯಾವ ಪ್ಲಗ್ಗಿನಲ್ಲಿದೆ ಅಂತ ಅಲ್ಲಿಯ ಹುಡುಗನಿಗೂ ಗೊತ್ತಿಲ್ಲ. ಬರುವ ಸೋಮವಾರ ಹೋಗುತ್ತಿದ್ದೇನೆ. ಒಳಗೆ ಕಾಲಿಡುವ ಮೊದಲು ಹೊರಗೆ ನಿಂತು ಕಂಬ ನೋಡಿಕೊಳ್ಳಬೇಕು.